ಬೀದಿ ಬೆಂಚಿನ ಪಾಠ: ಊರಿಗೆಲ್ಲ ಕೂರಲು ಜಾಗ ಮಾಡುವುದನ್ನು ಹೇಗೆ ಕಲಿಸುತ್ತಾರೆ?

ಪಿಯುಸಿ ಮುಗಿಸಿದ ಮಗಳು ಎಂಜಿನಿಯರಿಂಗ್ ಬೇಡ, ಡಿಸೈನ್ ಓದ್ತೀನಿ ಅಂತ ಹಟ ಹಿಡಿದು ಕಾಲೇಜು ಸೇರುತ್ತಾಳೆ. ರಜೆಗೆ ಶಿವಮೊಗ್ಗಕ್ಕೆ ಬಂದವಳು ಅಳತೆ ಟೇಪು, ನೋಟ್‌ಬುಕ್ಕು ಹಿಡಿದು ಬಸ್‌ಸ್ಟ್ಯಾಂಡಿಗೆ ಹೊರಡುತ್ತಾಳೆ. ಬೆಳಗ್ಗೆಯಿಂದ ಸಂಜೆವರೆಗೆ ಯಾರು ಎಲ್ಲಿ ಕೂತರು, ಎಷ್ಟು ಹೊತ್ತು ಕೂತರು, ಯಾಕೆ ಎದ್ದರು ಅಂತ ಬರೆದುಕೊಳ್ಳುವುದೇ ಕಾಲೇಜಿನವರು ಕೊಟ್ಟ ಕೆಲಸ. "ಇಷ್ಟು ಫೀಸು ಕಟ್ಟಿದ್ದು ಬಸ್‌ಸ್ಟ್ಯಾಂಡಲ್ಲಿ ಕೂರೋಕಾ?" ಅಂತ ಅಪ್ಪ ಗೊಣಗಿದರೆ ಅದರಲ್ಲಿ ಅವರ ತಪ್ಪೇನಿಲ್ಲ. ಈ ಓದಿನ ಬಗ್ಗೆ ನಮಗೆ ಯಾರೂ ಬಿಡಿಸಿ ಹೇಳಿಲ್ಲ.

ನಮ್ಮೂರಲ್ಲಿ ಈಗ ಇದನ್ನು ತಿಳಿದುಕೊಳ್ಳಲು ಇನ್ನೊಂದು ಕಾರಣವೂ ಇದೆ. 2016ರಲ್ಲಿ ಶಿವಮೊಗ್ಗ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಆಮೇಲಿನ ವರ್ಷಗಳಲ್ಲಿ ಫುಟ್‌ಪಾತು, ದೀಪದ ಕಂಬ, ಬೆಂಚು, ಹೊಳೆ ದಂಡೆಯ ಕೆಲಸ ಎಲ್ಲ ನಡೆಯಿತು. ಯಾವ ಊರಲ್ಲಾದರೂ ಗಮನಿಸಿ, ಕೆಲವು ಬೆಂಚಲ್ಲಿ ಜಾಗ ಸಿಗುವುದೇ ಕಷ್ಟ. ಅದೇ ಥರದ ಇನ್ನೊಂದು ಬೆಂಚಲ್ಲಿ ನಾಯಿ ಬಿಟ್ಟರೆ ಬೇರೆ ಯಾರೂ ಮಲಗಲ್ಲ, ಕೂರಲ್ಲ. ಎರಡೂ ಒಂದೇ ಕಾರ್ಖಾನೆಯದು, ಒಂದೇ ರೇಟಿನದು. ವ್ಯತ್ಯಾಸ ಎಲ್ಲಿಂದ ಬಂತು? ವಿದ್ಯಾರ್ಥಿಗಳಿಗೆ ಕಲಿಸುವುದು ಹೆಚ್ಚುಕಮ್ಮಿ ಇದನ್ನೇ.

ಬೀದಿ ಪೀಠೋಪಕರಣ ಅಂದರೆ ಏನೇನು?

ಪೀಠೋಪಕರಣ ಅಂದ ಕೂಡಲೇ ಕುರ್ಚಿ, ಮೇಜು ನೆನಪಾಗುತ್ತದೆ. ಬೀದಿಯ ವಿಷಯಕ್ಕೆ ಬಂದರೆ ಪಟ್ಟಿ ಉದ್ದ. ಬೆಂಚು, ಕಸದ ಡಬ್ಬಿ, ಬಸ್ ತಂಗುದಾಣ, ದೀಪದ ಕಂಬ, ಊರಿನ ಹೆಸರಿನ ಬೋರ್ಡು, ಗಿಡದ ಸುತ್ತಲಿನ ಬೇಲಿ, ಕುಡಿಯುವ ನೀರಿನ ನಲ್ಲಿ, ಫುಟ್‌ಪಾತಿಗೆ ಬೈಕು ಹತ್ತದಂತೆ ನೆಡುವ ಗಿಡ್ಡ ಕಂಬ, ಇವೆಲ್ಲ ಇದರಲ್ಲೇ ಸೇರುತ್ತವೆ.

ನಮಗೆ ಇದು ಹೊಸದೇನಲ್ಲ. ಅರಳಿಕಟ್ಟೆ ಇತ್ತು. ಬೇಸಿಗೆಯಲ್ಲಿ ಅರವಟ್ಟಿಗೆ ಇತ್ತು. ರಸ್ತೆಗೆ ಮುಖ ಮಾಡಿದ ಜಗುಲಿ ಮನೆಯವರದ್ದೇ ಆದರೂ ದಾರಿಹೋಕರೂ ಕೂರುತ್ತಿದ್ದರು. ಹಳೆಯ ದಾರಿಗಳ ಪಕ್ಕ ಎರಡು ಕಲ್ಲು ನೆಟ್ಟು ಮೇಲೊಂದು ಅಡ್ಡಕಲ್ಲು ಇಟ್ಟಿರುತ್ತಿದ್ದರು. ತಲೆಹೊರೆಯನ್ನು ಇನ್ನೊಬ್ಬರ ಸಹಾಯವಿಲ್ಲದೆ ಇಳಿಸಿ, ಸುಧಾರಿಸಿಕೊಂಡು, ಮತ್ತೆ ಹೊತ್ತುಕೊಳ್ಳಲು ಅದು. ಕಲ್ಲಿನ ಎತ್ತರ ನೋಡಿದರೆ ಗೊತ್ತಾಗುತ್ತದೆ, ಮಾಡಿದವರಿಗೆ ಹೊರೆ ಹೊರುವವರ ಹೆಗಲು ಎಲ್ಲಿರುತ್ತದೆ ಅನ್ನುವುದು ಚೆನ್ನಾಗಿ ತಿಳಿದಿತ್ತು.

ಮನೆಯ ಕುರ್ಚಿಗೂ ಬೀದಿಯ ಬೆಂಚಿಗೂ ಇರುವ ವ್ಯತ್ಯಾಸ ಮನೆ ಅಡುಗೆಗೂ ಮದುವೆ ಅಡುಗೆಗೂ ಇರುವಂಥದ್ದು. ಮನೆಯಲ್ಲಿ ಯಾರಿಗೆ ಉಪ್ಪು ಎಷ್ಟು ಅಂತ ಗೊತ್ತಿರುತ್ತದೆ. ಮದುವೆಗೆ ಯಾರು ಬರುತ್ತಾರೋ ಗೊತ್ತಿಲ್ಲ, ಬಂದವರು ಬಂದು ದೂರುವುದೂ ಇಲ್ಲ, ಸುಮ್ನೆ ಎಲೆಯಲ್ಲಿ ಬಿಟ್ಟು ಎದ್ದು ಹೋಗುತ್ತಾರೆ. ಜೊತೆಗೆ ಬೀದಿ ಬೆಂಚಿಗೆ ಯಜಮಾನ ಇಲ್ಲ. ರಾತ್ರಿ ಒಳಗೆ ಎತ್ತಿಡುವವರಿಲ್ಲ, ಮಳೆ ಬಂತು ಅಂತ ಮುಚ್ಚುವವರಿಲ್ಲ.

ಮೊದಲ ಪಾಠ: ಸುಮ್ನೆ ಕೂತು ನೋಡುವುದು

ಹೊಸ ವಿದ್ಯಾರ್ಥಿಗೆ "ಒಂದು ಬೆಂಚು ಡಿಸೈನ್ ಮಾಡು" ಅಂದರೆ ತಕ್ಷಣ ಕಂಪ್ಯೂಟರ್ ತೆರೆದು ಬಾಗಿದ, ತಿರುಚಿದ, ಎಲೆಯಾಕಾರದ ಏನೋ ಒಂದನ್ನು ಬಿಡಿಸುತ್ತಾರೆ. ನೋಡಲು ಚಂದವೇ ಇರುತ್ತದೆ. ಅದಕ್ಕೇ ಮೇಷ್ಟ್ರುಗಳು ಮೊದಲು ಪೆನ್ಸಿಲ್ಲು ಕಿತ್ತುಕೊಂಡು ಬೀದಿಗೆ ಕಳಿಸುವುದು.

ಈ ಪದ್ಧತಿಗೆ ದೊಡ್ಡ ಹೆಸರು ತಂದವರಲ್ಲಿ ಒಬ್ಬರು ಅಮೆರಿಕದ ನಗರ ಅಧ್ಯಯನಕಾರ ವಿಲಿಯಂ ವೈಟ್. 1970ರ ದಶಕದಲ್ಲಿ ಅವರು ನ್ಯೂಯಾರ್ಕಿನ ಕಚೇರಿ ಕಟ್ಟಡಗಳ ಮುಂದಿನ ಬಯಲುಗಳಲ್ಲಿ ಕ್ಯಾಮೆರಾ ಇಟ್ಟು ಜನ ಏನು ಮಾಡುತ್ತಾರೆ ಅಂತ ಚಿತ್ರೀಕರಿಸಿದರು. ಕೆಲವು ಬಯಲು ತುಂಬಿರುತ್ತವೆ, ಕೆಲವು ಖಾಲಿ, ಯಾಕೆ ಅನ್ನುವುದು ಅವರ ಪ್ರಶ್ನೆಯಾಗಿತ್ತು. ಕಟ್ಟಡದ ಚಂದ, ಬಯಲಿನ ಆಕಾರ ಇವುಗಳಿಗಿಂತ ಜಾಸ್ತಿ ಲೆಕ್ಕಕ್ಕೆ ಬಂದದ್ದು ಒಂದೇ: ಕೂರಲು ಜಾಗ ಇರುವ ಕಡೆ ಜನ ಕೂರುತ್ತಾರೆ. ಕೇಳಿದರೆ ನಗು ಬರುತ್ತದೆ, ಇಷ್ಟು ಹೇಳಲು ಕ್ಯಾಮೆರಾ ಬೇಕಿತ್ತಾ ಅನ್ನಿಸುತ್ತದೆ. ಆದರೆ ಅಲ್ಲಿಯವರೆಗೆ ಬಯಲು ಕಟ್ಟುವವರು ಕೂರುವ ಜಾಗವನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. 1975ರಲ್ಲಿ ನ್ಯೂಯಾರ್ಕ್ ನಗರ ತನ್ನ ನಿಯಮ ಬದಲಿಸಿ, ಇಂಥ ಬಯಲುಗಳಲ್ಲಿ ಇಷ್ಟು ಜಾಗಕ್ಕೆ ಇಷ್ಟು ಕೂರುವ ಸ್ಥಳ ಇರಲೇಬೇಕು ಅಂತ ಮಾಡಿತು.

ನಮ್ಮಲ್ಲಿ ನೋಡಲು ಕೂತರೆ ಬೇರೆಯೇ ಸಂಗತಿಗಳು ಸಿಗುತ್ತವೆ. ಮೂವರಿಗೆ ಅಂತ ಮಾಡಿದ ಬೆಂಚಿನ ಎರಡು ತುದಿಯಲ್ಲಿ ಅಪರಿಚಿತರಿಬ್ಬರು ಕೂತರೆ ನಡುವಿನ ಜಾಗ ಬ್ಯಾಗಿಗೆ. ಮೂರನೆಯವರು ನಿಂತೇ ಇರುತ್ತಾರೆ. ಕಾಲೇಜು ಹುಡುಗರು ಬೆಂಚಿನ ಒರಗುವ ಹಲಗೆ ಮೇಲೆ ಕೂತು, ಕೂರುವ ಹಲಗೆ ಮೇಲೆ ಕಾಲಿಡುತ್ತಾರೆ. ಎಲ್ಲರ ಮುಖ ಕಾಣಬೇಕಲ್ಲ, ಅದಕ್ಕೆ. ಸಂತೆ ಮುಗಿಸಿ ಬಂದ ಹೆಂಗಸರು ಚೀಲ ಕಣ್ಣಳತೆಯಲ್ಲಿ ಇರುವಂತೆ ನೆಲದಲ್ಲಿಟ್ಟು ಪಕ್ಕದ ಮೆಟ್ಟಿಲ ಮೇಲೆ ಕೂರುತ್ತಾರೆ. ಬಸ್ ಬರುವ ದಿಕ್ಕು ಕಾಣದ ಬೆಂಚು ಖಾಲಿ. ಮಧ್ಯಾಹ್ನ ಎರಡು ಗಂಟೆಗೆ ಬಿಸಿಲಿನಲ್ಲಿರುವ ಸ್ಟೀಲ್ ಬೆಂಚಂತೂ ದೋಸೆ ಹುಯ್ಯಲು ಲಾಯಕ್ಕು.

ಇನ್ನೊಂದನ್ನು ಪಾಶ್ಚಾತ್ಯ ಪಠ್ಯಗಳು ಅಷ್ಟಾಗಿ ಹೇಳುವುದಿಲ್ಲ. ನಾವು ಚಕ್ಕಳಮಕ್ಕಳ ಹಾಕಿ ಕೂರುವ ಜನ. ಚಪ್ಪಲಿ ಕೆಳಗೆ ಬಿಟ್ಟು, ಕಾಲು ಮೇಲೆ ಮಡಚಿಕೊಂಡರೇನೇ ಹರಟೆಗೆ ಕಳೆ. ಕಾಲು ಇಳಿಬಿಟ್ಟು ಕೂರಲು 40-45 ಸೆಂ.ಮೀ. ಅಗಲದ ಹಲಗೆ ಸಾಕು, ಮಾರುಕಟ್ಟೆಯ ಬೆಂಚುಗಳೆಲ್ಲ ಸುಮಾರು ಇದೇ ಅಳತೆಯವು. ಕಾಲು ಮಡಚಬೇಕಾದರೆ ಇನ್ನೂ ಒಂದು ಗೇಣಾದರೂ ಬೇಕು. ಅರಳಿಕಟ್ಟೆಯಲ್ಲಿ ಗಂಟೆಗಟ್ಟಲೆ ಕೂರುವವರು ಪಾರ್ಕಿನ ಬೆಂಚಿನಿಂದ ಹತ್ತು ನಿಮಿಷಕ್ಕೆ ಏಳುವುದಕ್ಕೆ ಇದೂ ಒಂದು ಕಾರಣ.

ಅಳತೆ ಯಾರದ್ದು?

ನೋಡಿದ್ದಾಯಿತು, ಈಗ ಅಳತೆ. ಬೆಂಚಿನ ಎತ್ತರ ಎಷ್ಟಿರಬೇಕು? "ಸರಾಸರಿ ಮನುಷ್ಯನಿಗೆ ಹೊಂದುವಷ್ಟು" ಅಂದುಬಿಡಬಹುದು. ಅಲ್ಲೇ ಎಡವುವುದು.

ನೂರು ಜನರನ್ನು ಮೊಣಕಾಲಿನ ಎತ್ತರದ ಪ್ರಕಾರ ಗಿಡ್ಡದಿಂದ ಉದ್ದಕ್ಕೆ ಸಾಲಾಗಿ ನಿಲ್ಲಿಸಿದಿರಿ ಅಂದುಕೊಳ್ಳಿ. ಐವತ್ತನೆಯವರಿಗೆ ಸರಿಯಾಗಿ ಬೆಂಚು ಮಾಡಿದರೆ ಅವರಿಗಿಂತ ಗಿಡ್ಡ ಇರುವ ಸುಮಾರು ಅರ್ಧ ಜನರಿಗೆ ಅದು ಎತ್ತರವೇ. ಪಾದ ಪೂರ್ತಿ ನೆಲಕ್ಕೆ ತಾಗದಿದ್ದರೆ ಹಲಗೆಯ ಅಂಚು ತೊಡೆಯ ಕೆಳಭಾಗವನ್ನು ಒತ್ತುತ್ತದೆ, ಕಾಲು ಜೋಮು ಹಿಡಿಯುತ್ತದೆ. ಉದ್ದ ಕಾಲಿನವರಿಗೆ ಬೆಂಚು ತುಸು ತಗ್ಗಾದರೆ ಅಷ್ಟು ತೊಂದರೆಯಿಲ್ಲ, ಕಾಲು ಚಾಚಿಕೊಳ್ಳುತ್ತಾರೆ. ಹಾಗಾಗಿ ಎತ್ತರಕ್ಕೆ ಸಾಲಿನ ಮೊದಲಿನ ಐದನೆಯವರನ್ನು ನೋಡಬೇಕು. ಒಬ್ಬರಿಗೆ ಎಷ್ಟು ಅಗಲದ ಜಾಗ ಅನ್ನುವಾಗ ದಪ್ಪಗಿರುವವರ ಕಡೆಯ ತೊಂಬತ್ತೈದನೆಯವರನ್ನು ನೋಡಬೇಕು. ತಂಗುದಾಣದ ಸೂರಿಗೂ ಹಾಗೇ, ಉದ್ದ ಇರುವವರ ತಲೆ ತಾಗಬಾರದು. ಒಂದೇ ವಸ್ತುವಿನ ಒಂದೊಂದು ಅಳತೆಗೆ ಒಂದೊಂದು ಮನುಷ್ಯ. ಇದನ್ನು ಅರ್ಥ ಮಾಡಿಕೊಳ್ಳಲು ವಿದ್ಯಾರ್ಥಿಗಳಿಗೆ ಒಂದೆರಡು ವಾರ ಹಿಡಿದರೂ ಆಶ್ಚರ್ಯವಿಲ್ಲ.

ಈ ಅಳತೆಗಳು ಎಲ್ಲಿಂದ ಬರಬೇಕು ಅನ್ನುವುದೂ ಮುಖ್ಯ. ಬಹಳ ಕಾಲ ಯುರೋಪು, ಅಮೆರಿಕದ ದೇಹದಳತೆಗಳನ್ನೇ ನಾವೂ ಬಳಸುತ್ತಿದ್ದೆವು. ಭಾರತೀಯರ ದೇಹದಳತೆಗಳನ್ನು ಒಟ್ಟುಮಾಡಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಎನ್‌ಐಡಿ, 1997ರಲ್ಲಿ ಪ್ರಕಟಿಸಿತು. ಡಿಸೈನ್ ಓದುವವರ ಕೈಯಲ್ಲಿ ಈಗ ಇರುವುದು ಅದು.

ಇಷ್ಟಾದರೂ ಒಂದು ಗಂಟು ಉಳಿಯುತ್ತದೆ. ಗಿಡ್ಡ ಇರುವವರಿಗೆ 40 ಸೆಂ.ಮೀ. ಹಿತ. ಮಂಡಿನೋವಿರುವ ಅಜ್ಜಿಗೆ ಅಷ್ಟು ತಗ್ಗಿನಿಂದ ಏಳಲಾಗುವುದಿಲ್ಲ, ಅವರಿಗೆ 45ಕ್ಕಿಂತ ಜಾಸ್ತಿಯೇ ಬೇಕು. ಮಲೆನಾಡಿನಲ್ಲಿ ಇದಕ್ಕೊಂದು ಸುಲಭದ ದಾರಿ ನೆಲದಲ್ಲೇ ಇದೆ. ತೀರ್ಥಹಳ್ಳಿಯಲ್ಲೋ ಸಾಗರದಲ್ಲೋ ರಸ್ತೆ ಸಮತಟ್ಟಾಗಿರುವುದೇ ಕಡಿಮೆ. ಇಪ್ಪತ್ತು ಅಡಿಗೆ ಒಂದು ಅಡಿ ಇಳಿಯುವ ಫುಟ್‌ಪಾತಿನಲ್ಲಿ 2 ಮೀಟರ್ ಉದ್ದದ ಹಲಗೆಯನ್ನು ಮಟ್ಟವಾಗಿ ಇಟ್ಟರೆ ಎರಡು ತುದಿಗಳ ಎತ್ತರದಲ್ಲಿ 10 ಸೆಂ.ಮೀ. ವ್ಯತ್ಯಾಸ ಬರುತ್ತದೆ. ಒಂದು ತುದಿ 38, ಇನ್ನೊಂದು 48. ಮಗುವಿಗೂ ಆಯಿತು, ಅಜ್ಜಿಗೂ ಆಯಿತು. ನೆಲವನ್ನು ಅಗೆದು ಸಪಾಟು ಮಾಡಿ ಬೆಂಚು ಕೂರಿಸಿದರೆ ಈ ಲಾಭ ಹೋಯಿತು.

ಬೆಂಚು ಇಟ್ಟ ಮೇಲೆ ನಡೆಯಲು ಜಾಗ ಉಳಿಯಬೇಕಲ್ಲ

ಇಲ್ಲಿ ಲೆಕ್ಕ ಸಣ್ಣದು, ಆದರೆ ಜಗ್ಗುವುದಿಲ್ಲ. ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲಿ ತಂದ ಪಾದಚಾರಿ ಮಾರ್ಗಸೂಚಿ ಪ್ರಕಾರ ಫುಟ್‌ಪಾತಿನಲ್ಲಿ ಅಡೆತಡೆಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಬಿಡಬೇಕು. ಗಾಲಿಕುರ್ಚಿಗಳೆರಡು ಎದುರುಬದುರಾದರೂ ದಾಟಿಹೋಗುವಷ್ಟು ಜಾಗ ಅದು. ಶಿವಮೊಗ್ಗದ ದುರ್ಗಿಗುಡಿಯಂಥ ಅಂಗಡಿ ಬೀದಿಯಲ್ಲಿ 3 ಮೀಟರ್ ಅಗಲದ ಫುಟ್‌ಪಾತು ಸಿಕ್ಕರೆ ಪುಣ್ಯ. ಅದರಲ್ಲಿ 1.8 ಕಳೆದರೆ 1.2 ಮೀಟರ್. ಬೆಂಚಿಗೆ ಅರ್ಧ ಮೀಟರ್, ಕೂತವರ ಕಾಲಿಗೆ ಇನ್ನೊಂದು ಅರ್ಧ ಮೀಟರ್. ಉಳಿದದ್ದು ಬರೀ 20 ಸೆಂ.ಮೀ. ಅಂಗಡಿ ಮುಂದೆ ಡಬ್ಬ ಇಟ್ಟರೆ ಅಷ್ಟೇ ಕತೆ.

ಕಂಬ, ಗಿಡ, ಡಬ್ಬಿ, ಬೆಂಚು ಎಲ್ಲವನ್ನೂ ರಸ್ತೆಯ ಅಂಚಿನ ಒಂದೇ ಪಟ್ಟಿಯಲ್ಲಿ ಸಾಲಾಗಿ ಇಟ್ಟರೆ ನಡೆಯುವ ದಾರಿ ನೇರವಾಗಿ ಉಳಿಯುತ್ತದೆ. ಕಣ್ಣು ಕಾಣದವರು ಕೋಲು ಹಿಡಿದು ಬರುವಾಗ ಇದು ತುಂಬಾ ಮುಖ್ಯ. ಬೆಂಚಿನ ಪಕ್ಕದಲ್ಲಿ 90 ಸೆಂ.ಮೀ. ಅಗಲ, 120 ಸೆಂ.ಮೀ. ಉದ್ದದ ಖಾಲಿ ನೆಲ ಬಿಡಬೇಕು ಅನ್ನುವುದನ್ನೂ ಕಲಿಸುತ್ತಾರೆ. ಗಾಲಿಕುರ್ಚಿಯಲ್ಲಿರುವ ಅಣ್ಣ, ಬೆಂಚಿನಲ್ಲಿ ಕೂತ ತಮ್ಮನ ಪಕ್ಕದಲ್ಲೇ ಇರುವಂತೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂದ ಮೇಲೆ ಇಂಥದ್ದನ್ನು ಉಪಕಾರ ಅಂತ ಮಾಡುವ ಕಾಲ ಹೋಯಿತು.

ಮಳೆ ನೆಟ್ಟಗೆ ಬೀಳುವುದಿಲ್ಲ

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ. ಶಿವಮೊಗ್ಗ ನಗರದಲ್ಲಿ ಅದರ ಕಾಲು ಭಾಗವೂ ಬೀಳುವುದಿಲ್ಲ. ಒಂದೇ ಜಿಲ್ಲೆ, ಎರಡು ಬೇರೆ ಲೋಕ. ಒಂದೇ ಕ್ಯಾಟಲಾಗಿನ ತಂಗುದಾಣ ಎರಡೂ ಕಡೆ ನಡೆಯಲ್ಲ ಅನ್ನುವುದನ್ನು ಕಾಗದದ ಮೇಲೆ ಹೀಗೆ ತೋರಿಸುತ್ತಾರೆ.

ತಂಗುದಾಣದ ಸೂರಿನ ಅಂಚು 3 ಮೀಟರ್ ಎತ್ತರದಲ್ಲಿದೆ, ಸೂರು ಒಳಕ್ಕೆ 1.5 ಮೀಟರ್ ಇದೆ ಅಂದುಕೊಳ್ಳೋಣ. ಗಾಳಿಗೆ ಮಳೆ 45 ಡಿಗ್ರಿ ಓರೆಯಾಗಿ ಹೊಡೆಯುತ್ತಿದೆ. ಹಾಗಾದಾಗ ಹನಿ ಎಷ್ಟು ಕೆಳಗೆ ಇಳಿಯುತ್ತದೋ ಅಷ್ಟೇ ದೂರ ಒಳಗೆ ಬರುತ್ತದೆ. ಕೂತವರ ತಲೆ ನೆಲದಿಂದ ಸುಮಾರು 1.25 ಮೀಟರ್ ಎತ್ತರದಲ್ಲಿ ಇರುತ್ತದೆ. ಅಲ್ಲಿಗೆ ಬರುವಷ್ಟರಲ್ಲಿ ಹನಿ 1.75 ಮೀಟರ್ ಒಳಗೆ ಬಂದಿರುತ್ತದೆ. ಸೂರೇ ಇರುವುದು 1.5 ಮೀಟರ್! ತಲೆಯಿಂದ ಪಾದದವರೆಗೆ ಎಲ್ಲರೂ ಒದ್ದೆ.

ಈಗ ಸೂರಿನ ಅಂಚನ್ನು 2.2 ಮೀಟರಿಗೆ ಇಳಿಸಿ. ತಲೆಯ ಮಟ್ಟದಲ್ಲಿ ಹನಿ 95 ಸೆಂ.ಮೀ. ಮಾತ್ರ ಒಳಗೆ ಬರುತ್ತದೆ. ಹಿಂದಿನ ಗೋಡೆಗೆ ಒರಗಿ ಕೂತವರ ತಲೆ ಉಳಿಯಿತು, ಮಡಿಲು ಮತ್ತು ಕಾಲು ಇನ್ನೂ ಒದ್ದೆಯೇ. ಸೂರನ್ನು ಇನ್ನಷ್ಟು ಮುಂದಕ್ಕೆ ಚಾಚಬೇಕು, ಇಲ್ಲವೇ ಗಾಳಿ ಬರುವ ಕಡೆಗೆ ಅಡ್ಡ ಹಲಗೆ ಕಟ್ಟಬೇಕು. ಮಲೆನಾಡಿನ ಹಳೆ ಮನೆಗಳ ಸೂರಿನ ಕೆಳಗೆ ತಲೆ ಬಗ್ಗಿಸಿ ಹೋಗಬೇಕಲ್ಲ, ಅದು ಮರ ಉಳಿಸಲು ಮಾಡಿದ್ದಲ್ಲ, ಈ ಲೆಕ್ಕವೇ.

ಇನ್ನೂ ಒಂದಿದೆ. ಮುಂಗಾರಿನ ಗಾಳಿ ಪಶ್ಚಿಮ, ನೈಋತ್ಯದ ಕಡೆಯಿಂದ ಬರುತ್ತದೆ. ಉತ್ತರ ದಕ್ಷಿಣವಾಗಿ ಹೋಗುವ ರಸ್ತೆಯಲ್ಲಿ ಪಶ್ಚಿಮದ ಬದಿಯ ತಂಗುದಾಣಕ್ಕೆ ಗಾಳಿ ಬೆನ್ನಿಗೆ, ಹಾಗಾಗಿ ಒಳಗಿದ್ದವರು ಬಚಾವ್. ಅದರ ಎದುರಿನದ್ದು ಗಾಳಿಗೆ ಬಾಯಿ ತೆರೆದು ನಿಂತಿರುತ್ತದೆ. ನಕ್ಷೆ ಒಂದೇ, ಗುತ್ತಿಗೆದಾರ ಒಬ್ಬನೇ. ಒಂದು ಕಡೆಯವರು ಹಾಯಾಗಿ ಕೂತಿದ್ದರೆ ಎದುರುಗಡೆಯವರು ತಂಗುದಾಣದೊಳಗೇ ಕೊಡೆ ಬಿಚ್ಚಿರುತ್ತಾರೆ.

ಬೆಂಚಿನ ವಿಷಯದಲ್ಲಿ ಮಳೆಯ ಪಾಠ ಚಿಕ್ಕದು. ನೀರು ನಿಲ್ಲಬಾರದು. ಹಲಗೆ ಸ್ವಲ್ಪ ಓರೆಯಿರಲಿ, ಪಟ್ಟಿಗಳ ನಡುವೆ ಸಂದು ಇರಲಿ, ಕಾಲು ನೆಲಕ್ಕೆ ತಾಗುವ ಕಡೆ ನೀರು ಮಡುಗಟ್ಟದಿರಲಿ. ತುಕ್ಕು ಶುರುವಾಗುವುದೂ ಗೆದ್ದಲು ಹತ್ತುವುದೂ ಅಲ್ಲಿಂದಲೇ.

ಯಾವುದರಲ್ಲಿ ಮಾಡಬೇಕು?

ಮರ ಮುಟ್ಟಲು ಹಿತ, ಬಿಸಿಲಿಗೆ ಸುಡುವುದಿಲ್ಲ. ಆದರೆ ಸಾಗುವಾನಿಯಲ್ಲೂ ಒಳಗಿನ ಕೆಚ್ಚು ಮಾತ್ರ ಮಳೆಗೆ ತಡೆಯುತ್ತದೆ, ಹೊರಗಿನ ಬಿಳಿ ಭಾಗ ಬೇಗ ಹಾಳಾಗುತ್ತದೆ. ಗ್ರಾನೈಟಿಗೆ ಆಯಸ್ಸು ಜಾಸ್ತಿ, ನೆರಳಿನಲ್ಲಿಟ್ಟರೆ ತಂಪು, ತೂಕಕ್ಕೆ ಕಳ್ಳರೂ ಹೆದರುತ್ತಾರೆ. ಜಂಬಿಟ್ಟಿಗೆ ಕಲ್ಲು ನಮ್ಮದೇ, ಆದರೆ ಒರಟು, ನೀರು ಕುಡಿಯುತ್ತದೆ, ಪಾಚಿ ಕಟ್ಟುತ್ತದೆ. ಅದು ಕೆಳಗಿನ ಕಟ್ಟೆಗೆ ಸೈ, ಕೂರುವ ಮೇಲ್ಮೈಗೆ ಬೇರೆ ಕಲ್ಲು ಬೇಕು. ಬಣ್ಣ ಆರಿಸುವಾಗ ಎಲೆ ಅಡಿಕೆಯನ್ನು ಮರೆತರೆ ನಮ್ಮ ಜಿಲ್ಲೆಯಲ್ಲಿ ಬಿಳಿ ಬೆಂಚಿನ ಗತಿ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ.

ಶಿವಮೊಗ್ಗದ ವಿದ್ಯಾರ್ಥಿಗೆ ಸಿಗುವ, ದೊಡ್ಡ ನಗರದವರಿಗೆ ಸುಲಭಕ್ಕೆ ಸಿಗದ ಒಂದು ಪಾಠಶಾಲೆ ಇದೆ: ಫೌಂಡ್ರಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಶುರು ಮಾಡಿತು. ಶಿವಮೊಗ್ಗ ಸುತ್ತಮುತ್ತ ಎರಕ ಹೊಯ್ಯುವ ಘಟಕಗಳು ಇಂದಿಗೂ ಇವೆ. ಬೀಡು ಕಬ್ಬಿಣದ ಬೆಂಚಿನ ಕಾಲನ್ನು ಅಲ್ಲಿ ಹೇಗೆ ಮಾಡುತ್ತಾರೆ ಅಂತ ನೋಡಿದರೆ ಕಂಪ್ಯೂಟರಿನ ಚಿತ್ರ ಎಲ್ಲಿ ಸೋಲುತ್ತದೆ ಅನ್ನುವುದು ತಿಳಿಯುತ್ತದೆ. ಮೊದಲು ಮರದಲ್ಲಿ ಕಾಲಿನ ಪಡಿಯಚ್ಚು. ಅದರ ಸುತ್ತ ಮರಳನ್ನು ಗಟ್ಟಿಯಾಗಿ ತುಂಬುತ್ತಾರೆ. ಅಚ್ಚನ್ನು ಮೆಲ್ಲಗೆ ಎತ್ತಿದರೆ ಮರಳಿನಲ್ಲಿ ಅದರ ಆಕಾರದ ಪೊಳ್ಳು ಉಳಿಯುತ್ತದೆ, ಅದರೊಳಕ್ಕೆ ಕರಗಿದ ಕಬ್ಬಿಣ. ಅಚ್ಚಿನ ಬದಿಗಳು ನೆಟ್ಟಗಿದ್ದರೆ ಎತ್ತುವಾಗ ಮರಳು ಕಿತ್ತುಬರುತ್ತದೆ, ಹಾಗಾಗಿ ಬದಿಗಳಿಗೆ ಸ್ವಲ್ಪ ಓರೆ ಕೊಡಲೇಬೇಕು. ತಣಿಯುವಾಗ ಬೀಡು ಕಬ್ಬಿಣ ನೂರಕ್ಕೆ ಒಂದರಷ್ಟು ಕುಗ್ಗುತ್ತದೆ. ಕಾಲು 80 ಸೆಂ.ಮೀ. ಬೇಕಿದ್ದರೆ ಅಚ್ಚು 80.8 ಸೆಂ.ಮೀ. ಇರಬೇಕು. ಒಳಗೆ ಕೊಕ್ಕೆಯ ಥರ ತಿರುಗಿದ ಬಳ್ಳಿಯ ಚಿತ್ತಾರ ಬಿಡಿಸಿಕೊಂಡು ಹೋದ ವಿದ್ಯಾರ್ಥಿಗೆ ಅಚ್ಚು ಮಾಡುವ ಹಿರಿಯರು "ಇದನ್ನ ಮರಳಿಂದ ಹೊರಗೆ ತೆಗೆಯೋದು ಹೆಂಗಪ್ಪಾ?" ಅಂತ ಒಂದೇ ಮಾತು ಕೇಳಿದರೆ ಸಾಕು, ಚಿತ್ರ ತಿದ್ದಲು ವಾಪಸ್ ಹೋಗಬೇಕು.

ಒಮ್ಮೆ ಅಚ್ಚು ಸರಿಹೋಯಿತೋ, ಅದರಿಂದ ನೂರಾರು ಕಾಲು ತೆಗೆಯಬಹುದು. ಒಂದು ಮುರಿದರೆ ಅದೇ ಥರದ್ದು ಮತ್ತೆ ಊರಲ್ಲೇ ಸಿಗುತ್ತದೆ. ಅಡ್ಡಿ ಇರುವುದು ಗುಜರಿಯಲ್ಲಿ. ಬೀಡು ಕಬ್ಬಿಣ ಸುತ್ತಿಗೆ ಏಟಿಗೆ ಒಡೆಯುತ್ತದೆ, ಗುಜರಿಗೆ ಹಾಕಿದರೆ ಕಾಸೂ ಹುಟ್ಟುತ್ತದೆ.

ಕೈಯಾಸರೆಯ ಜಗಳ

ಬೆಂಚಿನ ನಡುವೆ ಅಡ್ಡಲಾಗಿ ಕಬ್ಬಿಣದ ಕೈಯಾಸರೆ ಹಾಕಿರುವುದನ್ನು ನೋಡಿರಬಹುದು. ವಯಸ್ಸಾದವರಿಗೆ ಊರಿ ಏಳಲು ಅದು ಬೇಕು. ಅದೇ ಕೈಯಾಸರೆ ಯಾರೂ ಉದ್ದಕ್ಕೆ ಮಲಗದಂತೆಯೂ ಮಾಡುತ್ತದೆ. ಬೇಡದವರನ್ನು ದೂರವಿಡಲೆಂದೇ ಮಾಡುವ ಇಂಥ ವಿನ್ಯಾಸದ ಬಗ್ಗೆ ಜಗತ್ತಿನಾದ್ಯಂತ ವಾದ ನಡೆದಿದೆ. 2012ರಲ್ಲಿ ಲಂಡನ್ನಿನ ಕ್ಯಾಮ್ಡೆನ್ ಭಾಗದಲ್ಲಿ ಇಟ್ಟ ಕಾಂಕ್ರೀಟ್ ಬೆಂಚು ಇದಕ್ಕೆ ಹೆಸರುವಾಸಿ. ಮಲಗಲು ಆಗದ, ಸ್ಕೇಟ್‌ಬೋರ್ಡ್ ಜಾರಿಸಲು ಆಗದ, ಕೆಳಗೆ ಏನನ್ನೂ ಬಚ್ಚಿಡಲು ಆಗದ ಓರೆಕೋರೆ ದಿಮ್ಮಿ ಅದು. ಅಪರಾಧ ತಡೆಯುತ್ತದೆ ಅಂತ ಕೆಲವರು ಹೊಗಳಿದರು, ಮನೆಯಿಲ್ಲದವರನ್ನು ಓಡಿಸುತ್ತದೆ ಅಂತ ಕೆಲವರು ಬೈದರು. ತರಗತಿಯಲ್ಲಿ ಇದಕ್ಕೆ ಸಿದ್ಧ ಉತ್ತರ ಕೊಡುವುದಿಲ್ಲ. ಕೈಯಾಸರೆ ತುದಿಯಲ್ಲೋ, ನಡುವೆಯೋ, ಯಾರಿಗಾಗಿ ಅಲ್ಲಿಟ್ಟೆ ಅಂತ ವಿದ್ಯಾರ್ಥಿ ಬಾಯಿಬಿಟ್ಟು ಹೇಳಬೇಕು. ರಾತ್ರಿ ಕೊನೆ ಬಸ್ ತಪ್ಪಿದವರು ಬೆಳಗಿನವರೆಗೆ ಕಾಯುವ ನಿಲ್ದಾಣಕ್ಕೂ ಪಾರ್ಕಿಗೂ ಉತ್ತರ ಒಂದೇ ಆಗಲಾರದು ಅಲ್ವಾ.

ಮಾಡಿ ನೋಡುವುದು, ಮತ್ತೆ ನೋಡುವುದು

ಅಂಗೈಯಗಲದ ಮಾದರಿ ಚಂದ ಕಾಣುತ್ತದೆ, ಅದರ ಮೇಲೆ ಕೂರಲಾಗುವುದಿಲ್ಲ. ಅದಕ್ಕೇ ರಟ್ಟು, ಹಳೆ ಪ್ಲೈವುಡ್ಡು ಬಳಸಿ ನಿಜವಾದ ಅಳತೆಯಲ್ಲೇ ಒಂದು ಕಚ್ಚಾ ಬೆಂಚು ಮಾಡಿಸುತ್ತಾರೆ. ಗಿಡ್ಡ, ಉದ್ದ, ಸೀರೆ, ಪಂಚೆ, ಶಾಲೆಯ ಬ್ಯಾಗು, ಎಲ್ಲರನ್ನೂ ಕೂರಿಸಿ ನೋಡುತ್ತಾರೆ. ಸೀರೆಯ ಸೆರಗು ಪಟ್ಟಿಯ ಸಂದಿಗೆ ಸಿಕ್ಕಿಕೊಳ್ಳುತ್ತದೆ ಅನ್ನುವುದು ಯಾವ ಕಂಪ್ಯೂಟರಿಗೂ ಹೊಳೆಯದ ಸಂಗತಿ. ಪಾಸಾದದ್ದನ್ನು ಅನುಮತಿ ಪಡೆದು ಪಾರ್ಕಿನಲ್ಲೋ ಕಾಲೇಜಿನ ಗೇಟಿನ ಹತ್ತಿರವೋ ಕೆಲ ದಿನ ಇಟ್ಟು, ಮತ್ತೆ ನೋಟ್‌ಬುಕ್ಕು ಹಿಡಿದು ಕೂರಬೇಕು.

ಕೊನೆಗೆ ಕಾಗದದ ಕೆಲಸ. ಸಾರ್ವಜನಿಕ ಕೆಲಸ ಆಗುವುದು ಟೆಂಡರಿನ ಮೂಲಕ. ಟೆಂಡರಿನಲ್ಲಿ "ಬೆಂಚು, 50 ನಂಬರ್" ಅಂತ ಮಾತ್ರ ಬರೆದರೆ ಕಡಿಮೆ ರೇಟಿನ ಯಾವುದೋ ಬೆಂಚು ಬಂದು ಕೂರುತ್ತದೆ. ಯಾವ ಮರ, ಎಷ್ಟು ದಪ್ಪ, ಯಾವ ಬೋಲ್ಟು, ಪಾಯ ಎಷ್ಟು ಆಳ ಅಂತ ಬಿಡಿಸಿ ಬರೆಯಲು ಕಲಿಯಬೇಕು. ಬೋಲ್ಟು ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವಂಥದ್ದೇ ಆಗಿರಬೇಕು. ಒಂದು ಪಟ್ಟಿ ಮುರಿದರೆ ಊರಿನ ಬಡಗಿಯೇ ಅದನ್ನಷ್ಟೇ ಬಿಚ್ಚಿ ಬದಲಿಸುವಂತಿರಬೇಕು. ಬಣ್ಣದ ಕ್ಯಾಟಲಾಗಿನಿಂದ ತರಿಸಿದ ವಿಶೇಷ ಬೆಂಚುಗಳು ಒಂದೇ ಪಟ್ಟಿ ಮುರಿದು ವರ್ಷಗಟ್ಟಲೆ ಬೋಳಾಗಿ ನಿಲ್ಲುವುದು ಸಾಮಾನ್ಯವಾಗಿ ಇದೇ ಕಾರಣಕ್ಕೆ.

ಎಲ್ಲಿ ಕಲಿಸುತ್ತಾರೆ?

ಬೀದಿ ಪೀಠೋಪಕರಣಕ್ಕೆ ಅಂತಲೇ ಪದವಿ ಹುಡುಕಬೇಡಿ. ನಾಲ್ಕು ವರ್ಷದ ಬಿ.ಡಿಸೈನ್ ಅಥವಾ ಐದು ವರ್ಷದ ಬಿ.ಆರ್ಕ್ ಓದುವಾಗ ನಡುವೆ ಒಂದು ಯೋಜನೆಯಾಗಿ ಇದು ಬರುತ್ತದೆ. 1961ರಲ್ಲಿ ಶುರುವಾದ ಎನ್‌ಐಡಿಯಲ್ಲಿ ಪೀಠೋಪಕರಣ ಮತ್ತು ಒಳಾಂಗಣ ವಿನ್ಯಾಸ ಪ್ರತ್ಯೇಕ ವಿಭಾಗವಾಗಿಯೇ ಇದೆ. ಅದಕ್ಕೆ ಎನ್‌ಐಡಿಯದೇ ಪ್ರವೇಶ ಪರೀಕ್ಷೆ ಬರೆಯಬೇಕು. ಐಐಟಿಗಳ ಬಿ.ಡಿಸೈನಿಗೆ ಯುಸೀಡ್ ಪರೀಕ್ಷೆ, ಆರ್ಕಿಟೆಕ್ಚರಿಗೆ ನಾಟಾ ಪರೀಕ್ಷೆ. ಎಲ್ಲದರಲ್ಲೂ ಚಿತ್ರ ಬಿಡಿಸುವ ಪ್ರಶ್ನೆ ಇರುತ್ತದೆ, ವಿಜ್ಞಾನದ ಅಂಕ ಒಂದೇ ಸಾಲದು.

ಕಾಲೇಜು ನೋಡಲು ಹೋದಾಗ ಕಂಪ್ಯೂಟರ್ ಲ್ಯಾಬನ್ನು ಅವರೇ ತೋರಿಸುತ್ತಾರೆ. ನೀವು ವರ್ಕ್‌ಶಾಪ್ ತೋರಿಸಿ ಅಂತ ಕೇಳಿ. ನೆಲದಲ್ಲಿ ಮರದ ಹೊಟ್ಟು, ಮೂಲೆಯಲ್ಲಿ ಅರ್ಧ ಮಾಡಿಟ್ಟ ಕುರ್ಚಿಗಳು ಇದ್ದರೆ ಅಲ್ಲಿ ಕೆಲಸ ನಡೆಯುತ್ತಿದೆ. ಬೀಗ ಹಾಕಿದ್ದು, ಕೀಲಿ ಯಾರ ಹತ್ತಿರ ಇದೆ ಅಂತ ಹುಡುಕಾಡಿದರೆ ಬೇರೆ ಕಾಲೇಜು ನೋಡುವುದು ವಾಸಿ.